ಬಾಳ್ಳುಪೇಟೆಯ ಕೀಬೋರ್ಡಿಗೆ ಮನೆಯಲ್ಲಿ ಚಿಕಿತ್ಸೆ

ಮನೆಯಲ್ಲಿ ಕೂತುಕೊಂಡೇ ಬಾಳ್ಳುಪೇಟೆಯ ಅಂಗಡಿ ನಡೆಸಬಹುದು ಎಂದು ನಮ್ಮೂರಿನಲ್ಲಿ ಮೊಟ್ಟಮೊದಲು ಸಾರಿದವನು ನಾನು. ಸಾರಿ ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಡೆಸಲೂ ಹೊರಟೆ!

ಮೊಬೈಲು ಎಲ್ಲರ ಜೇಬಿಗೂ ಆಗಷ್ಟೇ ಬರುತ್ತಿದ್ದ ಕಾಲ. ಬಾಳ್ಳುಪೇಟೆಯಲ್ಲಿ ಹೆದ್ದಾರಿ ಪಕ್ಕ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ತಿಥಿ ಕಾರ್ಡು, ಎರಡನ್ನೂ ಒಂದೇ ಶ್ರದ್ಧೆಯಿಂದ ಟೈಪು ಮಾಡಿಕೊಡುತ್ತಿದ್ದೆ. ಮನೆ ಮಾತ್ರ ಗುಡ್ಡದ ಮೇಲೆ. ಜೀಪು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಕಾಲು. ಹಾಸನದ ಗೆಳೆಯನೊಬ್ಬ ಇದಕ್ಕೊಂದು ಪರಿಹಾರ ಕೊಟ್ಟ. ಅವನು ಹಾಕಿಕೊಟ್ಟ ಸಾಫ್ಟ್‌ವೇರಿನಿಂದ ಅಂಗಡಿಯ ಕಂಪ್ಯೂಟರಿನ ಪರದೆ ಮನೆಯಲ್ಲೇ ಕಾಣುತ್ತಿತ್ತು. ಮನೆಯಲ್ಲಿ ಒತ್ತಿದ ಅಕ್ಷರ ಅಂಗಡಿಯಲ್ಲಿ ಮೂಡುತ್ತಿತ್ತು. ಒಂದೇ ಕೊರತೆ. ಮನೆಗಿದ್ದದ್ದು ಫೋನ್ ಲೈನಿನ ಇಂಟರ್ನೆಟ್. ಅದು ನಡೆಯುವಾಗ ಫೋನ್ ಮಾಡುವಂತಿಲ್ಲ, ಮೂಡಿದ್ದೆಲ್ಲ ಕಣ್ಣಿಗೆ ಬೀಳಲು ಒಂದಿಷ್ಟು ಕಾಯಬೇಕು.

ಆ ಫಾಲ್ಗುಣದಲ್ಲಿ ನನ್ನ ಹೆಂಡತಿ ಜಯಂತಿಯ ತಮ್ಮ ಲೋಕೇಶನಿಗೆ ವನಗೂರು ಕಡೆಯ ಹುಡುಗಿ ಗೊತ್ತಾದಳು. ಪತ್ರಿಕೆ ನನ್ನದೇ ಕೈಚಳಕ. ಅದರ ಮಾದರಿ ಹುಡುಗಿಯ ಮನೆಗೆ ಹೋದಾಗ ಗೊತ್ತಾಯಿತು: ಹುಡುಗಿಯ ತಾತ ಪುಟ್ಟಸ್ವಾಮಿಗೌಡರ ಹೆಸರೇ ಅದರಲ್ಲಿ ಇರಲಿಲ್ಲ! ಗೌಡರು ಜಗಳ ಆಡಲಿಲ್ಲವಂತೆ. "ಹೆಸ್ರೇ ಇಲ್ದಿರೋ ಮದ್ವೆಗೆ ನಾನ್ಯಾಕಪ್ಪ ಬರ್ಲಿ" ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ನಡೆದುಬಿಟ್ಟರಂತೆ. ತಾತ ಬರದಿದ್ದರೆ ತಾನೂ ಹಸೆಮಣೆ ಏರುವುದಿಲ್ಲ ಎಂದು ಮೊಮ್ಮಗಳು ಹೇಳಿದಳಂತೆ.

ಮಾರನೆಯ ದಿನ ಮಧ್ಯಾಹ್ನದೊಳಗೆ ಸಕಲೇಶಪುರದ ಪ್ರೆಸ್ಸಿನವರು ಅಂಗಡಿಗೆ ಬಂದು ಅಚ್ಚಿಗೆ ಹಾಳೆ ಒಯ್ಯುವವರಿದ್ದರು. ಆ ದಿನ ತಪ್ಪಿದರೆ ಮದುವೆಗೆ ಮುಂಚೆ ಪತ್ರಿಕೆ ಸಿಗುವುದಿಲ್ಲ. ತಿದ್ದಿದ ಪ್ರತಿಯನ್ನು ತಾತನಿಗೆ ತೋರಿಸಿ ಸಮಾಧಾನ ಮಾಡಲು ಲೋಕೇಶ ಅಂದು ಬೆಳಿಗ್ಗೆಯೇ ಅಂಗಡಿಗೆ ಹೋಗಿ ಕೂತಿದ್ದ.

"ರೀ, ಪಕ್ಕದ್ಮನೆ ಜೀಪು ಹೊಂಟೈತೆ. ಒಂದ್ಗಳಿಗೆ ಹೋಗ್ಬನ್ನಿ" ಎಂದಳು ಜಯಂತಿ.

"ಒಂದು ಹೆಸ್ರು ಸೇರ್ಸಕ್ಕೆ ಜೀಪ್ ಯಾಕೆ? ನೀನು ಕಾಫಿ ತರೋದ್ರೊಳಗೆ ಮುಗ್ಸಿರ್ತೀನಿ."

ಕಾಫಿ ಬಂತು. ಆರಿತು. ಕೆನೆ ಕಟ್ಟಿತು.

ನಡೆದದ್ದು ಹೀಗೆ. ಗೌಡರ ಹೆಸರಿನ ಮೊದಲ ಅಕ್ಷರ 'ಪ' ಒತ್ತಿದೆ. ಅಕ್ಷರ ಬರಲಿಲ್ಲ; ಪ್ರಿಂಟ್ ಮಾಡಲೇ ಎಂದು ಕೇಳುವ ಪೆಟ್ಟಿಗೆ ಬಂತು. ಅದು ತೊಲಗಲಿ ಎಂದು ಎಂಟರ್ ಒತ್ತಿದೆ. ಅಂಗಡಿಯಲ್ಲಿ ಪ್ರಿಂಟರ್ ಶುರುವಾಯಿತು! ಇನ್ನೊಂದು ಅಕ್ಷರ ಒತ್ತಿದರೆ ಹೊಸ ಖಾಲಿ ಹಾಳೆ ತೆರೆಯಿತು. ಮತ್ತೊಂದಕ್ಕೆ ಅದೇ ಮುಚ್ಚಿಕೊಂಡಿತು. ಬೇರೊಂದು ಒತ್ತಿದ್ದಕ್ಕೆ ಇಡೀ ಪತ್ರಿಕೆ, ಗಣಪತಿಯಿಂದ ಹಿಡಿದು ಊಟದ ಸಮಯದವರೆಗೆ, ಕಪ್ಪಗಾಗಿ ಕೂತಿತು. ಗೌಡರು ಹೆಸರು ಕೊಡಲು ಒಪ್ಪುತ್ತಿಲ್ಲವೇನೋ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ನನ್ನ ಕೀಬೋರ್ಡಿಗೇ ಏನೋ ಆಗಿದೆ ಎಂದು ತೀರ್ಮಾನಿಸಿದೆ. ಎತ್ತಿ ಬೋರಲು ಹಾಕಿ ಬಡಿದೆ. ಅವಲಕ್ಕಿ ಉದುರಿತು. ಸತ್ತ ಇರುವೆಗಳು ಉದುರಿದವು. ಜಯಂತಿ ಹೋದ ವರ್ಷ ಕಳೆದುಕೊಂಡಿದ್ದ ಸೇಫ್ಟಿ ಪಿನ್ನೂ ಉದುರಿತು. ಆದರೂ ರೋಗ ಹೋಗಲಿಲ್ಲ. ನಮ್ಮ ಕಾಫಿ ಸೀಮೆಯವರಿಗೆ ಒಂದು ನಂಬಿಕೆಯಿದೆ: ಯಾವುದೇ ಆಗಲಿ, ಕಣದಲ್ಲಿ ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ. ಬೀಜ, ಮೆಣಸು, ಹಪ್ಪಳ, ಹಾಸಿಗೆ ಎಲ್ಲವನ್ನೂ ಹಾಗೇ ಸರಿಮಾಡಿದವರು ನಾವು. ಕೀಲಿಗಳನ್ನು ಒಂದೊಂದಾಗಿ ಕಿತ್ತು ಮೊರಕ್ಕೆ ಹಾಕಿ, ಕಣದಲ್ಲಿ ಒಣಗುತ್ತಿದ್ದ ಕಾಫಿಯ ಪಕ್ಕ ಇಟ್ಟೆ.

"ಹಂಗೇ ಕಾಫಿನೂ ಕಾಲಲ್ಲಿ ಒಂದ್ಸಲ ಕೆದಕ್ಬುಡಿ, ಅಡಿದು ಒಣಗಲ್ಲ" ಎಂದಳು ಜಯಂತಿ.

ಮೊರದಿಂದ ಒಂದು ಕೀಲಿಯನ್ನು ಕೋಳಿ ಕಚ್ಚಿಕೊಂಡು ಓಡಿತು. ಅದರ ಹಿಂದೆ ನಾನು, ನನ್ನ ಹಿಂದೆ ನಾಯಿ. ಕಾಫಿ ರಾಶಿಯ ಮೇಲೆ ಮೂವರೂ ಒಂದು ಸುತ್ತು ಬಂದೆವು. ಕೋಳಿ ಕೊನೆಗೆ ರುಚಿಯಿಲ್ಲವೆಂದು ಉಗುಳಿತು.

ಕೀಲಿಗಳನ್ನೆಲ್ಲ ಜೋಡಿಸಿದೆ. ಮತ್ತೆ 'ಪ' ಒತ್ತಿದೆ. ಮತ್ತೆ ಪ್ರಿಂಟ್ ಪೆಟ್ಟಿಗೆ!

ಜಯಂತಿ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು, "ಬಾಳ್ಳುಪೇಟೆದು ಬಿಟ್ಟು ಇಲ್ಲೇ ಏನಾರ ಬರ್ದು ನೋಡಿದ್ರಾ?"

ನೋಡಿರಲಿಲ್ಲ. ನೋಡಿದೆ. ಮನೆಯ ಕಂಪ್ಯೂಟರಿನಲ್ಲಿ ಪುಟ್ಟಸ್ವಾಮಿಗೌಡರು ಒಂದು ಕೊಂಬೂ ತಪ್ಪದೆ ಮೂಡಿದರು. ಕಾಯಿಲೆ ಇದ್ದದ್ದು ಬಾಳ್ಳುಪೇಟೆಯಲ್ಲಿ, ಕಷಾಯ ಕುಡಿಸಿದ್ದು ಮನೆಯಲ್ಲಿ.

ಲೋಕೇಶನನ್ನು ವಿಚಾರಿಸಬೇಕು. ಫೋನ್ ಎತ್ತಿದರೆ ಇಂಟರ್ನೆಟ್ ಹೋಗುತ್ತದೆ. ಮೊಬೈಲಿಗೆ ಸಿಗ್ನಲ್ ಸಿಗುವುದು ಮನೆ ಹಿಂದಿನ ಬಂಡೆಯ ಮೇಲೆ ಮಾತ್ರ. ಜಯಂತಿ ಬಂಡೆ ಹತ್ತಿದಳು. ನಾನು ಕಿಟಕಿ ಪಕ್ಕ ಕೂತೆ. ಅತ್ತ ಅವನು ಹೇಳಿದ್ದನ್ನು ಇವಳು ಕೂಗಿ ಹೇಳುವುದು, ಇತ್ತ ನಾನು ಕೂಗಿದ್ದನ್ನು ಅತ್ತ ಮುಟ್ಟಿಸುವುದು.

"ಕೀಬೋರ್ಡ್ ಮುಟ್ಟವ್ನಾ ಕೇಳು!"

"ನಿಮ್ಮಾಣೆ ಮುಟ್ಟಿಲ್ವಂತೆ! ಭಾವ ಬೇಡ ಅಂದಿದ್ಕೆ ಕೈಕಟ್ಕಂಡು ಕುಂತವ್ನಂತೆ! ಪ್ರಿಂಟರ್ ತಾನಾಗೇ ಪೇಪರ್ ಉಗೀತೈತಂತೆ!"

"ಮೇಜಿನ ಮೇಲೆ ಏನೈತೆ ಕೇಳು!"

ಜಯಂತಿ ಕೇಳಿ ತಿಳಿದುಕೊಂಡು ಇತ್ತ ತಿರುಗಿದಳು.

"ಹುಡ್ಗಿ ಮನೆಗೆ ತಗಂಡೋಗೋ ಚೀಲವಂತೆ! ತೆಂಗಿನ್ಕಾಯಿ, ಎಲೆ ಅಡಿಕೆ! ಶಾಸ್ತ್ರದ ಸಾಮಾನು ನೆಲಕ್ಕಿಡ್ಬಾರ್ದು ಅಂತ ಅಮ್ಮ ಹೇಳ್ಕಳಿಸೈತಂತೆ!"

ಚೀಲದೊಳಗಿನ ತೆಂಗಿನಕಾಯಿ ಕೀಬೋರ್ಡಿನ ಎಡಮೂಲೆಯ ಕಂಟ್ರೋಲ್ ಕೀಲಿಯ ಮೇಲೆ ಕೂತಿತ್ತು. ಆ ಕೀಲಿ ಅದುಮಿದ್ದರೆ ಅಕ್ಷರಗಳೆಲ್ಲ ಅಪ್ಪಣೆಗಳಾಗುತ್ತವೆ; 'ಪ' ಎಂದರೆ ಪ್ರಿಂಟ್ ಮಾಡು ಎಂದು. ಇಷ್ಟು ಹೊತ್ತು ನಾನೂ ತೆಂಗಿನಕಾಯಿಯೂ ಸೇರಿ ಟೈಪು ಮಾಡುತ್ತಿದ್ದೆವು!

"ಎತ್ತೋ ಮಾರಾಯ!" ಎಂದು ನಾನು ಕೂಗಿದ್ದು ಬಂಡೆಯ ನೆರವಿಲ್ಲದೆಯೇ ಬಾಳ್ಳುಪೇಟೆಗೆ ಕೇಳಿಸಿರಬೇಕು.

ಎತ್ತಿದ. ನಾನು ಒತ್ತಿದೆ. ಪರದೆಯ ನಡುವೆ 'ಪುಟ್ಟಸ್ವಾಮಿಗೌಡರು' ಎಂದು ಮೂಡಿತು. ಕಣ್ಣಲ್ಲಿ ನೀರು ಬಂತು. ಸುತ್ತಲೂ ಬಿಳಿಯಾಗಿತ್ತು, ಲೈನು ನಿಧಾನ, ಉಳಿದದ್ದು ಆಮೇಲೆ ಬರುತ್ತದೆ ಎಂದುಕೊಂಡೆ. ಸೇವ್ ಮಾಡಿ, ಪ್ರಿಂಟ್ ಕೊಟ್ಟು, ಎಲ್ಲ ಮುಚ್ಚಿದೆ.

ಜಯಂತಿ ಇನ್ನೂ ಬಂಡೆಯ ಮೇಲೇ ಇದ್ದಳು.

"ರೀ! 'ಇದ್ರಲ್ಲಿ ನಾನೇ ಇಲ್ವಲ್ಲಕ್ಕ' ಅಂತಾವ್ನೆ!"

ಇಡೀ ಪತ್ರಿಕೆ ಸೆಲೆಕ್ಟ್ ಆಗಿ ಕಪ್ಪಗೆ ಕೂತಿದ್ದನ್ನು ನಾನು ಮರೆತಿದ್ದೆ. ಹಾಗೆ ಕೂತಿರುವಾಗ ಒಂದಕ್ಷರ ಒತ್ತಿದರೂ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಗಣಪತಿ ಇಲ್ಲ, ಮುಹೂರ್ತ ಇಲ್ಲ, ವಧು ಇಲ್ಲ, ವರ ಇಲ್ಲ. ಹಾಳೆಯ ಮೇಲೆ ಪುಟ್ಟಸ್ವಾಮಿಗೌಡರೊಬ್ಬರೇ. ಅಷ್ಟರಲ್ಲಿ ಅಂಗಡಿಗೆ ಬಂದ ಪ್ರೆಸ್ಸಿನವರು ಅದನ್ನು ತಿರುಗಿಸಿ ನೋಡಿ, "ಗೌಡ್ರು ಹೋಗ್ಬುಟ್ರಾ? ಯಾವಾಗ?" ಎಂದು ತಗ್ಗಿದ ದನಿಯಲ್ಲಿ ಕೇಳಿದರಂತೆ.

ಪಕ್ಕದ ಮನೆಯ ಜೀಪು ಯಾವಾಗಲೋ ಹೋಗಿತ್ತು. ನಾವಿಬ್ಬರೂ ಗುಡ್ಡವನ್ನು ಅರ್ಧ ನಡೆದು, ಅರ್ಧ ಓಡಿ ಇಳಿದೆವು. ಪ್ರೆಸ್ಸಿನವರಿಗೆ ಎರಡು ಸಲ ಟೀ ಕುಡಿಸಿ ಕೂರಿಸಿಕೊಂಡು, ಪ್ರಿಂಟರ್ ಉಗಿದಿದ್ದ ಹಳೆಯ ಹಾಳೆ ನೋಡಿಕೊಂಡು, ಜಯಂತಿ ಮತ್ತು ಲೋಕೇಶ ಹೇಳಿದ ಹೆಸರುಗಳನ್ನು ಸೇರಿಸುತ್ತಾ ಪತ್ರಿಕೆಯನ್ನು ಮೊದಲಿನಿಂದ ಟೈಪು ಮಾಡಿದೆ. ಈ ಸಲ ಗೌಡರದೇ ಮೊದಲ ಹೆಸರು. ಅತ್ತೆ, ಮಾವ, ಸೋದರಮಾವಂದಿರು, ಅರಕಲಗೂಡಿನ ದೂರದ ನೆಂಟರು, ಒಬ್ಬರನ್ನೂ ಬಿಡಲಿಲ್ಲ. ಸಂಜೆ ಲೋಕೇಶ ವನಗೂರಿನಿಂದ ಫೋನ್ ಮಾಡಿ, "ತಾತ ಒಪ್ಕಂಡ್ರು ಭಾವ!" ಎಂದಾಗ ಗೆದ್ದೆ ಎಂದು ಎದೆಯುಬ್ಬಿಸಿದೆ.

ಮದುವೆಯ ದಿನ ಗೌಡರು ಮುಂದಿನ ಸಾಲಿನಲ್ಲೇ ಕೂತಿದ್ದರು. ಹೋಗಿ ಕೈಮುಗಿದೆ.

"ಯಾರಪ್ಪ ನೀನು?"

"ಹುಡುಗನ ಭಾವ, ತಾತ. ಅವ್ರ ಮನೆ ಅಳಿಯ."

ಗೌಡರು ಕನ್ನಡಕ ಹಾಕಿಕೊಂಡು, ಜೇಬಿನಿಂದ ಪತ್ರಿಕೆ ತೆಗೆದು, ಮೇಲಿಂದ ಕೆಳಗೆ ಬೆರಳಿಟ್ಟು ಓದಿದರು. ಹಿಂದೆ ತಿರುಗಿಸಿಯೂ ನೋಡಿದರು. ನಾನೂ ಬಗ್ಗಿ ನೋಡಿದೆ. ಅರಕಲಗೂಡಿನವರು ಇದ್ದರು. ನಾನು ಇರಲಿಲ್ಲ!

ಗೌಡರು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು.

"ಹೆಸ್ರಿಲ್ದಿದ್ರೂ ಬಂದಿದ್ದೀಯಲ್ಲಪ್ಪ! ನನ್ಕೈಲಿ ಆಯ್ತಿರ್ಲಿಲ್ಲ. ಊಟ ಮಾಡ್ಕಂಡೇ ಹೋಗ್ಬೇಕು, ಆಯ್ತಾ?"

ಆಯಿತು ಎಂದು ಹೇಳಿ, ಹೋಗಿ ಪಂಕ್ತಿಯಲ್ಲಿ ಕೂತೆ.