ತಪ್ಪು ಕಂಡಲ್ಲಿ ನಿಲ್ಲತಕ್ಕದ್ದು

ಪುಣೆಯ ಸರಕಾರಿ ಲೆಕ್ಕದ ಯಂತ್ರವನ್ನು ಕೈ ಹಚ್ಚದೆ ನಿಲ್ಲಿಸಿದ ಮನುಷ್ಯ ಜತ್ತ ತಾಲೂಕಿನಲ್ಲಿ ಒಬ್ಬನೇ, ಅವನು ಸನಮಡಿಯ ಕುರುಬರ ಶಿದ್ರಾಯ. ಇದಕ್ಕೆ ಸಾಕ್ಷಿ ಬೇಕಾದಷ್ಟಿದ್ದವು. ಈಗ ಯಂತ್ರ ಗುಜರಿಗೆ ಹೋಗಿದೆ, ಗಣತಿಯ ಕಾರಕೂನ ತೀರಿಕೊಂಡಿದ್ದಾನೆ, ಟಗರೂ ತೀರಿಕೊಂಡಿದೆ. ಹೀಗಾಗಿ ಮಾತು ಪಕ್ಕಾ ಆಗಿದೆ. ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತ ಮಂದಿಗೆ ಶಿದ್ರಾಯ ಇದನ್ನು ಹೇಳುವಾಗ ಯಾರೂ ಎದುರಾಡುತ್ತಿರಲಿಲ್ಲ.

ಅದು ಅರವತ್ತೇಳನೇ ಇಸವಿಯೋ ಅರವತ್ತೆಂಟೋ. ಜನಾವರ ಗಣತಿಗೆ ಅಣ್ಣಾರಾಯ ಎಂಬ ಕಾರಕೂನ ಬಂದ. ಶಿದ್ರಾಯನ ಹಿಂಡಿನಲ್ಲಿ ಬೀರದೇವರ ಹೆಸರಿಗೆ ಬಿಟ್ಟ ಟಗರೊಂದು ಇತ್ತು.

"ಇದರ ಮಾಲಕ ಯಾರು?"

"ಬೀರದೇವರು."

"ಮಾಲಕನ ವಯಸ್ಸು?"

"ನಮ್ಮ ಮುತ್ಯಾನ ಮುತ್ಯಾ ಹುಟ್ಟೂ ಮುಂದ ಗುಡಿ ಹಳೇದಾಗಿತ್ತರಿ."

"ನಿನ್ನ ಹೆಸರಿಲೆ ಬರಿಲೇನು?"

"ದೇವರ ಟಗರ ಕದ್ದಂಗ ಆಗ್ತೈತ್ರಿ. ನಾಳೆ ಹಿಂಡಿಗೆ ಬ್ಯಾನಿ ಬಂದ್ರ ನೀವ ಬರ್ತೀರೇನು ಔಷಧ ಕುಡಸಾಕ?"

ಅಣ್ಣಾರಾಯ ಮಾಲಕ ಬೀರದೇವರೆಂದೇ ಬರೆದು, ವಯಸ್ಸಿನ ಜಾಗ ಖಾಲಿ ಬಿಟ್ಟ.

ಪುಣೆಯಲ್ಲಿ ಒಬ್ಬೊಬ್ಬ ಕುರಿಗಾರನ ವಿವರವನ್ನೂ ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ತಿನ್ನಿಸುತ್ತಿದ್ದರು. ಯಂತ್ರ ಏನು ಮಾಡಬೇಕೆಂದು ಒಬ್ಬ ಹುಷಾರ ಸಾಹೇಬ ಸಾಲಾಗಿ ಆಜ್ಞೆ ಬರೆದುಕೊಟ್ಟಿದ್ದ. ಅದರಲ್ಲೊಂದು ಸಾಲು, ತಪ್ಪು ಕಂಡಲ್ಲಿ ನಿಲ್ಲತಕ್ಕದ್ದು. ತಪ್ಪು ಮೊತ್ತಕ್ಕಿಂತ ಮೊತ್ತವೇ ಇಲ್ಲದಿರುವುದು ಚಲೋ ಎಂಬುದು ಅವನ ವಿಚಾರ. ವಯಸ್ಸಿಲ್ಲದ ಮಾಲಕ ಬಂದ ಕೂಡಲೇ ಯಂತ್ರ ಗಕ್ಕನೆ ನಿಂತಿತು.

ಯಂತ್ರದ ಶಿಸ್ತು ಕಂಡು ಮೇಲಿನ ಸಾಹೇಬರಿಗೆ ಕಣ್ಣು ತುಂಬಿ ಬಂತು. ಯಂತ್ರಕ್ಕೆ ಒಗ್ಗಿದ್ದು ಮನುಷ್ಯರಿಗೆ ಯಾಕೆ ಒಗ್ಗಬಾರದೆಂದು ಅವರು ಪರಿಪತ್ರಕ, ಅಂದರೆ ಸುತ್ತೋಲೆ, ಹೊರಡಿಸಿದರು: "ತಪ್ಪು ಕಂಡಲ್ಲಿ ತತ್‌ಕ್ಷಣ ನಿಲ್ಲತಕ್ಕದ್ದು. ಮುಂದಿನ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ತಪ್ಪಿಗೆ ಸಂಬಂಧಪಟ್ಟ ಸಕಲವೂ ಇದ್ದಲ್ಲಿಯೇ ಇರತಕ್ಕದ್ದು."

ದೀಪಾವಳಿ ಮುಗಿದಿತ್ತು. ಶಿದ್ರಾಯ ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೊರಟಿದ್ದ. ಅಲ್ಲಿನ ಹೊಲಗಳಲ್ಲಿ ಕುರಿ ಕೂಡಿಸಿ ಗೊಬ್ಬರ ಕೊಟ್ಟರೆ ರೈತರು ಜೋಳ ಕೊಡುತ್ತಾರೆ, ಮನೆಯ ವರ್ಷದ ರೊಟ್ಟಿ ಅದೇ. ತಡವಾದರೆ ಆ ಹೊಲ ಪಕ್ಕದೂರು ಸೊರಡಿಯವರ ಹಿಂಡಿನ ಪಾಲು. ಮುಚ್ಚಂಡಿಯ ರಸ್ತೆಯಲ್ಲಿ ಹಿಂದಿನಿಂದ ಬಂದ ಬಸ್ಸಿನಿಂದ ಅಣ್ಣಾರಾಯ ಇಳಿದ. ಒಂದು ಕೈಯಲ್ಲಿ ಪರಿಪತ್ರಕ, ಇನ್ನೊಂದರಲ್ಲಿ ವಾಪಸು ಬಂದ ಕಾರ್ಡು. ನಡುರಸ್ತೆಯಲ್ಲಿ ಗಟ್ಟಿಯಾಗಿ ಓದಿದ. ಹಿಂಡು ನಿಂತಿತು. ಹಿಂಡಿನ ಹಿಂದಿದ್ದ ಬಸ್ಸು ಸಂಬಂಧಪಟ್ಟದ್ದಾದ್ದರಿಂದ ಅದೂ ನಿಂತಿತು. ಓದಿದವನೂ ಸಂಬಂಧಪಟ್ಟವನೇ ಎಂದು ಅಣ್ಣಾರಾಯ ಅಲ್ಲೇ ಕಲ್ಲಿನ ಮೇಲೆ ಕೂತ.

"ಭಾವುಸಾಹೇಬ್ರ, ಏನರೆ ಒಂದ ವಯಸ್ಸ ಬರೀರಿ, ಲಗೂನ ಹೋಗೂಣು," ಕಾರಕೂನನಿಗೆ ಅಂದ ಶಿದ್ರಾಯ.

"ಬರಿಯೂದು ಮುಂದಿನ ಕೆಲಸ ಆಗ್ತೈತೋ. ಅದಕ್ಕ ಪರವಾನಗಿ ಇಲ್ಲ."

"ಹಂಗಾದ್ರ ತಪ್ಪ ತಿದ್ದಾವ್ರು ಯಾರು?"

"ತಪ್ಪ ತಿದ್ದಿದ ಮ್ಯಾಲ ತಿದ್ದಾಕ ಪರವಾನಗಿ ಸಿಗ್ತೈತಿ."

ಇದು ಎಲ್ಲರಿಗೂ ಸರಿಯೆನಿಸಿತು. ಬಸ್ಸಿನಲ್ಲೊಂದು ಲಗ್ನದ ಮಾತು ಮುಗಿಯಿತು. ಗಾಲಿಗೆ ಬಳ್ಳಿ ಹಬ್ಬಿತು. ಎರಡು ತಿಂಗಳು ಕಳೆಯುತ್ತ ಎಳ್ಳಮಾಸಿ ಹತ್ತಿರ ಬಂದರೂ ಒಂದು ಕುರಿಯೂ ಕಾಲು ಮುಂದಿಡಲಿಲ್ಲ. ಕೃಷ್ಣೆಯ ಹೊಲ ಕೈ ತಪ್ಪೀತೆಂದು ಶಿದ್ರಾಯ ಬಸ್ಸು ಹತ್ತಿದ.

ಬಸ್ಸಿನಲ್ಲಿ ಬೀರದೇವರ ಪೂಜಾರಿ ಸೋಮನಿಂಗಪ್ಪ ಇದ್ದ. ಶಿದ್ರಾಯ ಅವನ ಕಾಲಿಗೆ ಬಿದ್ದ. "ಯಪ್ಪಾ, ನಾವು ನಿಂತೀವಿ. ದೇವರಿಗೇನ ನಿಲ್ಲಾಕ ಹೇಳಿಲ್ಲಲಾ?"

ಅಣ್ಣಾರಾಯ ಪರಿಪತ್ರಕ ತಿರುವಿ ನೋಡಿದ. ದೇವರು ಸರಕಾರಿ ನೌಕರರಲ್ಲವೆಂದು ಖಾತ್ರಿಯಾಯಿತು. ಸೋಮನಿಂಗಪ್ಪ ಹಣೆಗೆ ಭಂಡಾರದ ಅರಿಷಿಣ ಬಳಿದುಕೊಂಡ, ಮೈ ನಡುಗಿತು, ಮೈಮೇಲೆ ದೇವರು ಬಂದರು.

"ಯಾಕ ನಿಂತೀರಿ, ಮಕ್ಕಳ್ರಾ?"

ಅಣ್ಣಾರಾಯ ಟೊಪ್ಪಿಗೆ ತೆಗೆದು ವಿಷಯ ಮಂಡಿಸಿದ.

"ನಾ ಹುಟ್ಟಿದವ ಅಲ್ಲ, ಸಾಯಾವ ಅಲ್ಲ," ಅಂದರು ದೇವರು.

"ಖರೆ ದೇವಾ. ಆದ್ರ ಕಾರ್ಡಿನ್ಯಾಗ ಎರಡೇ ಅಂಕಿ ಹಿಡಸ್ತಾವು."

ದೇವರು ಕಾರ್ಡಿನತ್ತ ಬಗ್ಗಿ ನೋಡಿದರು. "ಹಿಡಸೂ ಅಷ್ಟರಾಗ ದೊಡ್ಡದು ಯಾವುದು?"

"ತೊಂಬತ್ತೊಂಬತ್ತು, ದೇವಾ."

ದೇವರು ಕಂಡಕ್ಟರನ ಕೈಯಿಂದ ತಿಕೀಟಿಗೆ ತೂತು ಹೊಡೆಯುವ ಚಿಮಟಿಗೆ ಕಸಿದುಕೊಂಡು, ಅಣ್ಣಾರಾಯ ಬೊಟ್ಟು ಮಾಡಿದಲ್ಲಿ ಕಟ್ ಕಟ್ ಎಂದು ತಾವೇ ತೂತು ಹೊಡೆದರು. ತಪ್ಪು ಹೋಯಿತು. ಹಿಂಡು ಹೊರಟಿತು, ಬಸ್ಸು ಹೊರಟಿತು, ಪುಣೆಯಲ್ಲಿ ಕಾರ್ಡು ತಿಂದ ಯಂತ್ರ ಗರಗರ ತಿರುಗಿತು. ಕೃಷ್ಣಾ ದಂಡೆಯ ಹೊಲವೂ ಶಿದ್ರಾಯನಿಗೇ ಸಿಕ್ಕಿತು. ಯಾಕಂದರೆ ಸೊರಡಿಯವರ ಹಿಂಡು ಬಸ್ಸಿನ ಹಿಂದೆ ನಿಂತಿತ್ತು.

ಮುಂದಿನ ಗಣತಿ ಬರುವಷ್ಟರಲ್ಲಿ ದೇವರಿಗೆ ನೂರು ದಾಟಿ ಯಂತ್ರ ಮತ್ತೆ ನಿಲ್ಲುವ ಸಂಭವವಿತ್ತು. ಮುಂಜಾಗ್ರತೆಯಾಗಿ ಆದೇಶ ಬಂತು: "ಸದರಿ ದೇವರಿಗೆ ಮುಂದಿನ ಸೂಚನೆಯವರೆಗೆ ವಯಸ್ಸಾಗತಕ್ಕದ್ದಲ್ಲ." ಅದನ್ನು ಗುಡಿಯ ಗೋಡೆಗೆ ಅಂಟಿಸಿದರು. ಸೋಮನಿಂಗಪ್ಪ ದಿನಾ ಅದಕ್ಕೂ ಭಂಡಾರ ಹಚ್ಚುತ್ತಿದ್ದ. ದೇವರು ಇಂದಿಗೂ ಕಾನೂನು ಮೀರಿಲ್ಲ.

ಶಿದ್ರಾಯ ಮಾತು ಮುಗಿಸಿ ಎಲೆಯಡಿಕೆ ಬಾಯಿಗಿಟ್ಟ. ಉಣ್ಣೆ ಹಿಂಜುತ್ತಿದ್ದ ಸೊಸೆ ದುಂಡವ್ವ ಕೈ ನಿಲ್ಲಿಸಿದಳು.

"ಮಾವಾರ, ಒಂದ ಕೇಳ್ಲೇನ್ರಿ?"

"ಕೇಳವಾ."

"ದೀಪಾವಳಿಯಿಂದ ಎಳ್ಳಮಾಸಿ ತನಕಾ ಡಾಂಬರ ರಸ್ತಾದ ಮ್ಯಾಲ ಕಾಲ ಕಿತ್ತಿಡದ ನಿಂತ ಕುರಿ, ಏನ ತಿಂದು ಬದುಕಿದ್ವುರಿ?"

ಅಂಗಳದಲ್ಲಿ ಎಲ್ಲರೂ ಶಿದ್ರಾಯನ ಮಾರಿ ನೋಡಿದರು. ಅವನು ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ಹೊರಳಿಸಿ, ಹೆಗಲು ಹಾರಿಸಿದ.

"ಅದನ್ನ ಗಣತ್ಯಾಗ ಕೇಳಿದ್ದಿಲ್ಲವಾ."

ಹೌದೌದು, ಕೇಳದ್ದನ್ನು ಯಾರು ಬರೆದಾರು ಎಂದು ಮಂದಿ ಮತ್ತೆ ಉಣ್ಣೆ ಹಿಂಜತೊಡಗಿದರು.