ಬೇಸಿಗೆಯ ಹಗುರ ಊಟ ಮತ್ತು ನಮ್ಮಕ್ಕನ ಆಣೆ

ನನಗೆ ಸಿಟ್ಟು ತರಿಸುವ ಸಂಗತಿಗಳು ಬಹಳ ಇವೆ. ಬೋರ್ಡಿನ ಮುಂದೆಯೇ ನಿಂತು, 'ಇದು ಎಲ್ಲಿಗೆ ಹೋಗತೈತ್ರಿ?' ಎಂದು ಕೇಳುವವರು, ಚಾ ಕುಡಿಯುತ್ತ ಬಸ್ಸು ತಪ್ಪಿಸಿಕೊಂಡು, 'ಯಾಕ್ ಬಿಟ್ರಿ?' ಎಂದು ನನ್ನನ್ನೇ ಜಬರಿಸುವವರು, ಹೀಗೆ. ಸಿಂದಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿರುವವನಿಗೆ ಸಿಟ್ಟು ಸಂಬಳದ ಜೊತೆಗೇ ಬರುತ್ತದೆ. ಆದರೆ ಅದೆಲ್ಲ ಹೊತ್ತು ಮುಳುಗುವುದರೊಳಗೆ ಇಳಿದುಹೋಗುವ ಸಿಟ್ಟು. ಇಳಿಯದೆ ಉಳಿದಿರುವುದು ಒಂದೇ. ಬೇಸಿಗೆಯಲ್ಲಿ ನಾಲ್ಕು ತುತ್ತು ಹಗುರವಾಗಿ ಉಂಡು ಸುಮ್ಮನಿರುತ್ತೇನೆ ಎನ್ನುವ ಮನುಷ್ಯನನ್ನು ನಮ್ಮ ಸೀಮೆಯ ಜನ ನಡೆಸಿಕೊಳ್ಳುವ ರೀತಿ ಇದೆಯಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮಲ್ಲಿ ಕಳ್ಳನನ್ನಾದರೂ ಕ್ಷಮಿಸಿಯಾರು, 'ನನಗ ಒಂದೇ ಹೋಳಿಗಿ ಸಾಕು' ಎಂದವನನ್ನು ಕ್ಷಮಿಸುವುದಿಲ್ಲ.

ಹಗುರ ಊಟ ನನ್ನ ಶೋಕಿಯೇನೂ ಅಲ್ಲ. ಹೋದ ಬೇಸಿಗೆಯಲ್ಲಿ ಆಲಮೇಲದಲ್ಲೊಂದು ಮದುವೆ. ನೆತ್ತಿ ಸುಡುವ ಬಿಸಿಲಲ್ಲಿ ಪೆಂಡಾಲಿನ ಕೆಳಗೆ ಕೂಡಿಸಿ ಬುಂದಿ, ಹೋಳಿಗೆ, ಎಣ್ಣೆಯಲ್ಲಿ ಮುಳುಗಿದ ಬದನೆಕಾಯಿ, ಮೇಲೆ ಭಜಿ, ಇಷ್ಟನ್ನೂ ಹೊಟ್ಟೆಗಿಳಿಸಿ ಕಳಿಸಿದರು. ಹಾಗೆಯೇ ಬಂದು ಡ್ಯೂಟಿಗೆ ಕೂತೆ. ಕಣ್ಣು ಮಂಜಾಗಿ, ತಲೆ ಗಿರ್ರೆಂದು, ಇಂಡಿಗೆ ಹೊರಟ ಬಸ್ಸನ್ನು ಮೈಕಿನಲ್ಲಿ 'ಮುದ್ದೇಬಿಹಾಳ, ಮುದ್ದೇಬಿಹಾಳ' ಎಂದು ಕೂಗಿಬಿಟ್ಟೆ. ನನ್ನನ್ನು ನಂಬಿ ಹತ್ತಿದವರಿಗೆ ಸತ್ಯ ತಿಳಿದದ್ದು ಕಂಡಕ್ಟರ್ ಟಿಕೆಟ್ ಕೇಳಿದಾಗ. ಅವರೆಲ್ಲ ಊರ ಹೊರಗೆ ಇಳಿದು, ಗಂಟುಮೂಟೆ ಹೊತ್ತು, ಬಿಸಿಲಲ್ಲಿ ನಡೆದು ಬಂದು, ನನ್ನ ಕಿಟಕಿಯ ಮುಂದೆ ಸಾಲಾಗಿ ನಿಂತು ನನ್ನ ಹಿರಿಯರನ್ನೆಲ್ಲ ಸ್ಮರಿಸಿದರು. ಮರುದಿನ ಡಾಕ್ಟರು ಬಿಪಿ ನೋಡಿ, ಹೊಟ್ಟೆ ಒತ್ತಿ, "ಬ್ಯಾಸಿಗಿ ಮುಗಿಯೂತನ ಹಗುರ ಉಣ್ರಿ. ಇಲ್ಲಂದ್ರ ನಿಮ್ಮನ್ನ ಯಾವ ಬಸ್ಸಿಗೆ ಹಾಕಿ ಕಳಿಸ್ತಾರೋ ನಾ ಹೇಳಾಂಗಿಲ್ಲ" ಎಂದರು.

ನನ್ನ ಹೆಂಡತಿ ಶಾಂತಾ ಈ ಮಾತನ್ನು ಶಿರಸಾವಹಿಸಿ ಪಾಲಿಸಿದಳು. ರಾತ್ರಿ ಜೋಳದ ಹಿಟ್ಟನ್ನು ಗಂಜಿಯಂತೆ ಕುದಿಸಿ ಮಡಕೆಯಲ್ಲಿಟ್ಟು, ಬೆಳಿಗ್ಗೆ ಅದು ಸಣ್ಣಗೆ ಹುಳಿಯೊಡೆದ ಮೇಲೆ ಮಜ್ಜಿಗೆ, ಉಪ್ಪು, ಜೀರಿಗೆ ಬೆರೆಸಿ ಅಂಬಲಿ ಮಾಡಿ ಕೊಡುತ್ತಿದ್ದಳು. ಕಚ್ಚಿಕೊಳ್ಳಲು ಒಂದು ಉಳ್ಳಾಗಡ್ಡಿ. ಮಧ್ಯಾಹ್ನ ತೆಳ್ಳಗಿನ ಒಂದು ರೊಟ್ಟಿ, ನೆನೆಸಿದ ಹೆಸರುಬೇಳೆಯ ಕೋಸಂಬರಿ, ಸವತೆಕಾಯಿ. ಸಂಜೆಗೆ ಕಲ್ಲಂಗಡಿ. ನಿಜ ಹೇಳುತ್ತೇನೆ, ಮೊದಲ ಕೆಲವು ದಿನ ಶಾಂತಾಳ ಮೇಲೂ ಸಿಟ್ಟು ಬಂದಿತ್ತು. ಆಮೇಲೆ ಮೈ ಹಗುರಾಯಿತು, ನಿದ್ದೆ ಚೆನ್ನಾಗಿ ಬಂತು, ಬಸ್ಸುಗಳು ತಮ್ಮ ತಮ್ಮ ಊರಿಗೆ ಸರಿಯಾಗಿ ಹೋದವು. ನಮ್ಮಪ್ಪ ಬೇಸಿಗೆಯಿಡೀ ಹೊಲದಲ್ಲಿ ಕುಡಿಯುತ್ತಿದ್ದುದು ಇದೇ ಅಂಬಲಿ. ಆಗ ಅದನ್ನು ಬಡವರ ಊಟ ಎನ್ನುತ್ತಿದ್ದರು. ಈಗ ಅದೇ ಅಂಬಲಿಯನ್ನು ಪೇಟೆಯಲ್ಲಿ ಕಾಗದದ ಲೋಟದಲ್ಲಿ ಹಾಕಿ ಕೊಡುತ್ತಾರೆ, ಜನ ಅದರ ಫೋಟೋ ತೆಗೆದು ಆಮೇಲೆ ಕುಡಿಯುತ್ತಾರೆ. ಅದೂ ನನಗೆ ಸಿಟ್ಟು ತರಿಸುವ ವಿಷಯವೇ, ಇರಲಿ.

ಮನೆಯಲ್ಲಿ ಸರಿಹೋಯಿತು, ಹೊರಗೆ ಶುರುವಾಯಿತು. ನನ್ನ ಡಬ್ಬಿ ನೋಡಿದ ಡ್ರೈವರುಗಳು, ಮನೆಯಲ್ಲಿ ಜಗಳವೇನು ಎಂದು ದನಿ ತಗ್ಗಿಸಿ ವಿಚಾರಿಸಿದರು. ಒಬ್ಬ ಬಲವಂತದಿಂದ ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿ ಸುರಿದ. ಇನ್ನೊಬ್ಬ ಮಿರ್ಚಿ ಭಜಿ ತಂದಿಟ್ಟು, ಖಾರ ತಿಂದರೆ ಬೆವರು ಬರುತ್ತದೆ, ಬೆವರು ಬಂದರೆ ತಂಪು ಎಂದ. ಈ 'ತಂಪು' ಎನ್ನುವ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ನಮ್ಮ ಜನಕ್ಕೆ ಯಾವುದನ್ನು ತಿನ್ನಿಸಬೇಕೋ ಅದು ತಂಪು. ಹೋಳಿಗೆ ಉಷ್ಣ ಅಂದಿರೋ, ತುಪ್ಪ ಸುರಿದರೆ ತಂಪು. ತುಪ್ಪ ಜಾಸ್ತಿಯಾಯಿತು ಅಂದಿರೋ, ಮೇಲೊಂದು ತಂಬಿಗೆ ಹಾಲು ಸುರಿದರೆ ಇನ್ನೂ ತಂಪು. ಹೀಗೆ ತಂಪಿನ ಮೇಲೆ ತಂಪು ಪೇರಿಸಿ ಮನುಷ್ಯನನ್ನು ಪೂರ್ತಿ ತಣ್ಣಗೆ ಮಾಡಿಬಿಡುತ್ತಾರೆ.

ಇದನ್ನೆಲ್ಲ ನುಂಗಿಕೊಂಡೇನು. ನುಂಗಲಾಗದ್ದು ಹೊರ್ತಿಯಲ್ಲಿ ನಡೆಯಿತು. ಇಂಡಿ ತಾಲ್ಲೂಕಿನ ಹೊರ್ತಿ ನಮ್ಮ ಗೌರಕ್ಕನ ಗಂಡನ ಊರು, ಅವರದು ನಿಂಬೆಯ ತೋಟ. ಅವ್ವ ತೀರಿಕೊಂಡಾಗ ನಾನಿನ್ನೂ ತಿಳಿವಳಿಕೆ ಇಲ್ಲದವನು, ನನ್ನನ್ನು ಉಣಿಸಿ ಬೆಳೆಸಿದವಳು ಗೌರಕ್ಕ. ಮಾವಿನಹಣ್ಣಿನ ಕಾಲಕ್ಕೆ ತಮ್ಮನನ್ನು ಸೀಕರಣೆ ಊಟಕ್ಕೆ ಕರೆಯದಿದ್ದರೆ ಆಕೆಗೆ ಬೇಸಿಗೆ ಬಂದ ಹಾಗೇ ಆಗುವುದಿಲ್ಲ. ಆ ಸಲವೂ ಕರೆದಳು. ಫೋನಿನಲ್ಲೇ ಡಾಕ್ಟರ ಮಾತು ಬಿಡಿಸಿ ಹೇಳಿದೆ. "ಹಗುರನ ಮಾಡ್ತೇನಿ, ನೀ ಬಾ" ಎಂದಳು. ನಂಬಿ ಹೋದೆ.

ಹೋದಕೂಡಲೇ ಬೆಲ್ಲ-ನೀರು ಕೊಟ್ಟಳು. ಅಲ್ಲಿಗೆ ಹಗುರ ಮುಗಿಯಿತು. ತಾಟಿನಲ್ಲಿ ಹೂರಣದ ಹೋಳಿಗೆ, ಬಟ್ಟಲು ತುಂಬ ಸೀಕರಣೆ, ಎಣ್ಣೆಗಾಯಿ, ಸಂಡಿಗೆ, ಹಪ್ಪಳ, ಚಿತ್ರಾನ್ನ. ಇದರಲ್ಲಿ ಹಗುರ ಯಾವುದು ಎಂದು ಕೇಳಿದೆ. ಸೀಕರಣೆ ನೀರಿನ ಹಾಗಿರುವುದರಿಂದ ಅದು ಊಟದ ಲೆಕ್ಕಕ್ಕೇ ಬರುವುದಿಲ್ಲವಂತೆ, ಬದನೆಕಾಯಿಗೆ ಎಣ್ಣೆ ಕಡಿಮೆ ಹಾಕಿದ್ದಾಳಂತೆ. ಹಲ್ಲು ಕಚ್ಚಿ ಒಂದು ಹೋಳಿಗೆ ತಿಂದೆ. ಇನ್ನೊಂದು ಬಂತು. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಬೆರಳಿನ ಸಂದಿಯಿಂದ ತುಪ್ಪ ಬಿತ್ತು. ಆಕೆಯ ಮೈದುನಂದಿರು, ವಾರಗಿತ್ತಿಯರು ಸುತ್ತ ನಿಂತು ನಗುತ್ತಿದ್ದರು. ಆಗ ಆಕೆ ಕೊನೆಯ ಅಸ್ತ್ರ ಬಿಟ್ಟಳು.

"ನನ್ನಾಣಿ ಐತಿ ತಮ್ಮಾ, ಇದೊಂದು ತಿನ್ನು."

"ಆಣಿ ಇಟ್ಟ ನನ್ನ ಕೊಲ್ಲಬೇಕಂತ ಮಾಡಿಯೇನು?" ಎಂದು ಕೂಗಿ, ತಾಟು ಬಿಟ್ಟು ಎದ್ದು ಕೈ ತೊಳೆದುಬಿಟ್ಟೆ.

ಆಣೆ ಎಂದರೆ ನಮ್ಮಲ್ಲಿ ಆಟದ ಮಾತಲ್ಲ. ಅದನ್ನು ಮೀರಿದರೆ ಕೇಡು ತಟ್ಟುವುದು ಮೀರಿದವನಿಗಲ್ಲ, ಇಟ್ಟವಳಿಗೆ. ಅಂದರೆ ಅಷ್ಟು ಜನರ ಮುಂದೆ ನಾನು ಆಕೆಗೆ 'ನೀನು ಇದ್ದರೇನು, ಹೋದರೇನು' ಎಂದ ಹಾಗಾಯಿತು. ಗೌರಕ್ಕ ಕೈಯಲ್ಲಿದ್ದ ಹೋಳಿಗೆಯನ್ನು ಬುಟ್ಟಿಗೆ ವಾಪಸು ಹಾಕಿ ಒಳಗೆ ಹೋದಳು. ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ಆಕೆಯ ಗಂಡ ಎತ್ತಿಕೊಂಡು, ಆಕೆ ದನದ ಕೊಟ್ಟಿಗೆಯಲ್ಲಿದ್ದಾಳೆ ಎನ್ನುತ್ತಿದ್ದ. ಅವರ ಮನೆಯಲ್ಲಿ ಇರುವುದು ಒಂದೇ ಎಮ್ಮೆ. ಅದರ ಹತ್ತಿರ ದಿನವಿಡೀ ಮಾಡುವಂಥದ್ದು ಏನಿರುತ್ತದೆ? ನನಗೆ ಸಿಟ್ಟು ಬರುತ್ತಿತ್ತು, ಫೋನ್ ಇಟ್ಟ ಮೇಲೆ ಅಳುವೂ ಬರುತ್ತಿತ್ತು. ಆಕೆ ನನ್ನೊಡನೆ ಮಾತು ಬಿಟ್ಟದ್ದು ಜೀವಮಾನದಲ್ಲೇ ಮೊದಲ ಸಲ.

ಮಳೆ ಇನ್ನೂ ಬಿದ್ದಿರಲಿಲ್ಲ. ಸಿಂದಗಿಯಲ್ಲಿ ಬೀಗರ ಮನೆಯ ತೊಟ್ಟಿಲ ಕಾರ್ಯಕ್ಕೆ ಗೌರಕ್ಕ ಬಂದಳು. ಶಾಂತಾ ಅಲ್ಲಿಂದ ಕೈ ಹಿಡಿದು ಮನೆಗೆ ಕರೆತಂದಳು. ಬಂದವಳು ನನ್ನ ಕಡೆ ನೋಡದೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಹೇಳಬೇಕಾದದ್ದನ್ನೆಲ್ಲ ಶಾಂತಾಳಿಗೇ ಹೇಳುತ್ತಿದ್ದಳು. ನಿನ್ನ ಗಂಡನಿಗೆ ಫ್ಯಾನ್ ಹಾಕಲು ಹೇಳು, ನಿನ್ನ ಗಂಡನಿಗೆ ಸಂಜೆ ಇಂಡಿ ಬಸ್ಸು ಎಷ್ಟಕ್ಕಿದೆ ಕೇಳು, ಹೀಗೆ. ಸೀಮೆಗೆಲ್ಲ ಬಸ್ಸಿನ ಹೊತ್ತು ಕೂಗಿ ಹೇಳುವ ನಾನು, ಒಡಹುಟ್ಟಿದವಳಿಗೆ ಹೆಂಡತಿಯ ಮುಖಾಂತರ ಹೇಳಬೇಕಾಯಿತು.

ಹಗುರ ಊಟ ಎಂದರೆ ಏನೆಂದು ಇವತ್ತು ತೋರಿಸಿಯೇ ಬಿಡುತ್ತೇನೆ ಎಂದು ಹಟ ಹುಟ್ಟಿತು. ನಾನೇ ಬಡಿಸಲು ನಿಂತೆ. ಅಂಬಲಿ, ಕೋಸಂಬರಿ, ಸವತೆಕಾಯಿ, ಎಳೆಯ ಹಕ್ಕರಿಕೆ ಸೊಪ್ಪು, ಕಲ್ಲಂಗಡಿ. ಆಕೆ ಅರ್ಧ ಲೋಟ ಅಂಬಲಿ ಕುಡಿದು, ಎರಡು ಹೋಳು ಸವತೆಕಾಯಿ ತಿಂದು, ಲೋಟ ಪಕ್ಕಕ್ಕಿಟ್ಟಳು. ಸಾಕಂತೆ. ತಂಗಾಳಿಯಂಥ ಅಂಬಲಿಯಲ್ಲಿ ಅರ್ಧ ಲೋಟವೇ? ನಮ್ಮ ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿದೆ. ಆಕೆ ಗೋಡೆ ನೋಡಿದಳು. ತಲೆ ಕೆಟ್ಟುಹೋಯಿತು. ಲೋಟ ತುಂಬಿಸಿದೆ. ಆಕೆ ತಾಟಿಗೆ ಕೈ ಅಡ್ಡ ಹಿಡಿದಳು, ನಾನು ಬೆರಳಿನ ಸಂದಿಯಿಂದ ಕೋಸಂಬರಿ ಸುರಿದೆ. ಇದು ಹೊಟ್ಟೆಗೆ ತಂಪು ಎಂದು ಗದರಿದೆ. ಈ ಮಾತು ನನ್ನ ಬಾಯಿಂದ ಬಂತೆಂದು ಆಮೇಲೆ ಶಾಂತಾ ಹೇಳಿದಾಗಲೇ ನನಗೆ ಗೊತ್ತಾದದ್ದು. ಅಷ್ಟಾದರೂ ಆಕೆ ಲೋಟ ಮುಟ್ಟದೆ ಕೂತಾಗ, ಎಲ್ಲಿತ್ತೋ ಏನೋ, ಬಾಯಿಗೆ ಬಂದೇಬಿಟ್ಟಿತು.

"ನನ್ನಾಣಿ ಐತಿ ಅಕ್ಕಾ, ಕುಡಿ."

ಗೌರಕ್ಕ ನಿಧಾನ ಲೋಟ ಎತ್ತಿಕೊಂಡಳು. "ಶಾಂತಾ, ನಿನ್ನ ಗಂಡಗ ಹೇಳು, ಆಣಿ ಮುರದ ಏಳಾಕಿ ನಾ ಅಲ್ಲ" ಎಂದು ಗಟಗಟ ಕುಡಿದಳು. ನಾನು ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆಣೆಯಿಟ್ಟರೆ ಒಳಗೆ ಹೋಗುತ್ತದೆ ಎಂಬ ರುಚಿ ಹತ್ತಿಬಿಟ್ಟಿತ್ತು. ಹಕ್ಕರಿಕೆಗೊಂದು ಆಣೆ, ಕಲ್ಲಂಗಡಿಗೊಂದು ಆಣೆ, ಮಡಕೆಯ ತಳದಲ್ಲಿ ಉಳಿದ ಅಂಬಲಿಗೆ ಮತ್ತೊಂದು. ಆಕೆ ಒಂದನ್ನೂ ಮೀರಲಿಲ್ಲ. ಶಾಂತಾ ಹಿಂದಿನಿಂದ ನನ್ನ ಅಂಗಿ ಜಗ್ಗುತ್ತಿದ್ದಳು. ಎಲ್ಲ ಹಗುರದ್ದೇ ತಾನೇ ಎಂದು ಅವಳ ಮೇಲೂ ರೇಗಿದೆ.

ಬಸ್ಸಿನ ಹೊತ್ತಾದರೂ ಗೌರಕ್ಕನಿಗೆ ಏಳಲಾಗಲಿಲ್ಲ. ಕೊನೆಗೆ ಗೋಡೆ ಹಿಡಿದು ಎದ್ದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಪಡಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡಿದಳು. ಬೀದಿಗೆ ಕೇಳುವಂತೆ ಒಂದು ತೇಗು ಬಂತು. ಆಮೇಲೆ ನಿಂತು, ಶಾಂತಾಳನ್ನಲ್ಲ, ಗೋಡೆಯನ್ನಲ್ಲ, ನನ್ನನ್ನು ನೋಡಿದಳು.

"ತಮ್ಮಾ," ಎಂದಳು, "ಹೊಟ್ಟಿ ಡೊಳ್ಳ ಆಗೇತಿ. ಒಂದೀಟು ಅಜವಾನ ಇದ್ರ ತಾ. ಆದ್ರ ಆಣಿ ಇಟ್ಟ ಕೊಡಬ್ಯಾಡ."

ತಮ್ಮಾ ಎಂದಳಲ್ಲ, ನನಗೆ ಅಷ್ಟು ಸಾಕಾಗಿತ್ತು. ಅಡುಗೆಮನೆಗೆ ಓಡಿ, ಕಣ್ಣು ಒರೆಸಿಕೊಂಡು, ಅಜವಾನದ ಡಬ್ಬಿಯನ್ನೇ ಎತ್ತಿ ತಂದೆ. ಬಾಯಿ ಬಿಗಿಹಿಡಿದು ಆಕೆಯ ಮುಂದೆ ಹಿಡಿದೆ. ಎರಡೇ ಬೆರಳಲ್ಲಿ ಒಂದು ಚಿಟಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು, ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಅಷ್ಟು ದೊಡ್ಡ ಹೊಟ್ಟೆನೋವಿಗೆ ಒಂದೇ ಚಿಟಿಕೆ. ನನಗೆ ಎಂಥ ಸಿಟ್ಟು ಬಂತೆಂದರೆ, ಹೇಳಲಾರೆ.