ದುರ್ಗೇಶನ ಶೀಟೂ ನನ್ನ ಟ್ಯಾಂಕೂ

"ಇನ್ನು ಮೇಲೆ ಯಾರೇ ಬೀಳಲಿ, ಯಾರೇ ಜಾರಲಿ, ಈ ತುಟಿ ಅರಳಿದರೆ ಕೇಳು!" ಎಂದು ದೇವರ ಮನೆಯಲ್ಲಿ ನಿಂತು, ಹೆಂಡತಿ ಯಮುನಾಳ ಮುಂದೆ ಭೀಷ್ಮ ಪ್ರತಿಜ್ಞೆ ಮಾಡಿದೆ.

ಕಾರಣವಿತ್ತು. ಮಗಳು ದಿವ್ಯಾಳ ಮದುವೆಯಲ್ಲಿ ಬೀಗರಾದ ಚಿತ್ತಯ್ಯನವರ ಪೇಟ ಗಾಳಿಗೆ ಹಾರಿ ಸಾಂಬಾರಿನ ಬಕೆಟ್ಟಿಗೆ ಬಿತ್ತು. ಇಡೀ ಪಂಕ್ತಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವನು ನಾನೊಬ್ಬನೇ! ಅವತ್ತಿನಿಂದ ಆ ಮನುಷ್ಯ, ಅವರ ಹೆಂಡತಿ ಇಬ್ಬರೂ ನನ್ನ ಜೊತೆ ಮಾತು ಬಿಟ್ಟಿದ್ದರು. ಪಾಪ, ಎರಡು ಮನೆಗಳ ನಡುವೆ ದಿವ್ಯಾ ಒದ್ದಾಡಿಹೋದಳು. ಕೊನೆಗೂ ಅತ್ತೆ ಮಾವನನ್ನು ಒಪ್ಪಿಸಿ, ಇವತ್ತು ಹಿರಿಯೂರಿನಿಂದ ಕಾರಿನಲ್ಲಿ ನಮ್ಮ ಮನೆಗೆ ಊಟಕ್ಕೆ ಕರೆತರುತ್ತಿದ್ದಳು.

"ರೀ, ಟ್ಯಾಂಕ್ ಖಾಲಿ ಐತೆ, ಮೋಟ್ರು ಹಾಕ್ರಿ. ಗಾಳಿ ಬೇರೆ ಜೋರೈತೆ" ಎಂದಳು ಯಮುನಾ.

"ಹಾಕ್ತೀನಿ ಇರು. ಗಾಳಿ ಎಷ್ಟೈತೆ ನೋಡ್ಕಂಡ್ ಬರ್ತೀನಿ" ಎಂದು ಮಹಡಿ ಹತ್ತಿದೆ.

ಅಬ್ಬಾ, ಅದೇನು ಗಾಳಿ! ಚಿತ್ರದುರ್ಗದ ಗಾಳಿ ಗುಡ್ಡದ ಮೇಲಿನ ಕರೆಂಟು ತೆಗೆಯುವ ಫ್ಯಾನುಗಳನ್ನು ತಿರುಗಿಸುವುದನ್ನು ದಿನಾ ನೋಡುತ್ತೇನೆ. ಇದು ಗುಡ್ಡವನ್ನೇ ತಿರುಗಿಸುವ ಹಾಗಿತ್ತು. ಪಕ್ಕದ ಮನೆ ದುರ್ಗೇಶ ಮಹಡಿಗೆ ಹೊಸದಾಗಿ ಹಾಕಿಸಿದ ನೀಲಿ ತಗಡಿನ ಶೀಟು ಧಡಧಡ ಕುಣಿಯುತ್ತಿತ್ತು. "ಆನೆ ಎಳೆದ್ರೂ ಅಲ್ಲಾಡಲ್ಲ ಸಾರ್" ಎಂದು ಬೀದಿಗೆಲ್ಲ ಸಾರಿದ್ದ ಶೀಟು! ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೋಟ್ರು ಮರೆತೇ ಹೋಯಿತು. ಇಂಥ ಸುಖವನ್ನು ಒಬ್ಬನೇ ಅನುಭವಿಸಬಾರದೆಂದು ದಿವ್ಯಾಗೆ ವಿಡಿಯೋ ಕಾಲ್ ಮಾಡಿದೆ.

"ನೋಡವ್ವ, ದುರ್ಗೇಶನ ಶೀಟು ಇನ್ನೇನ್ ಹೋಯ್ತು!"

"ಅಪ್ಪಾ, ನಾವು ಕಾರ್‌ನಾಗೆ..."

ಅಷ್ಟರಲ್ಲಿ ನನ್ನ ತಲೆಯ ಮೇಲೆ ಕರ್ರಗಿನದೊಂದು ಹಾರಿತು. ಟ್ಯಾಂಕು! ಸಾವಿರ ಲೀಟರಿನ ಟ್ಯಾಂಕು, ಮೆಲ್ಲಗೆ ಹೊರಳುತ್ತಾ, ಕರೆಂಟು ತಂತಿಗೂ ತಾಗದೆ ಬೀದಿ ದಾಟಿತು. ನಿಜಕ್ಕೂ ಕೈ ಮುಗಿಯಬೇಕೆನಿಸಿತು. ಜನ್ಮದಲ್ಲೇ ಇಂಥ ವೈಭವ ಕಂಡಿರಲಿಲ್ಲ!

"ದುರ್ಗೇಶನ ಟ್ಯಾಂಕೇ ಹೋಯ್ತು! ಹಹ್ಹಹ್ಹಾ! ಲೇ ಯಮುನಾ, ಓಡಿ ಬಾರೇ!"

ಯಮುನಾ ಓಡಿ ಬಂದಳು. ಬೀದಿ ನೋಡಿದಳು, ನನ್ನ ಬೆನ್ನ ಹಿಂದೆ ನೋಡಿದಳು.

"ಅವ್ರದು ಬಿಳೀ ಟ್ಯಾಂಕು ಕಣ್ರಿ."

ತಿರುಗಿದೆ. ನಮ್ಮ ಟ್ಯಾಂಕಿನ ಕಟ್ಟೆ ಇತ್ತು, ಮುರಿದ ಪೈಪಿತ್ತು. ದುರ್ಗೇಶನ ಶೀಟಿನ ಒಂದು ಬೋಲ್ಟೂ ಸಡಿಲವಾಗಿರಲಿಲ್ಲ.

"ತುಂಬ್ಸಿದ್ರೆ ಹಾರ್ತಿತ್ತೇನ್ರಿ ಅದು? ಬೀಗರು ಕೈ ತೊಳಿಯಾಕೂ ನಲ್ಲೀಲಿ ನೀರಿಲ್ಲ! ಮಗಳ ಮಾನ ಕಳೆದ್ರಲ್ಲ!"

ಆಗ ಕೈಯಲ್ಲಿದ್ದ ಫೋನಿನಿಂದ ಒಂದು ಸದ್ದು ಹೊರಟಿತು. ಕಾಲ್ ಕಟ್ ಮಾಡಿರಲಿಲ್ಲ! ಗೊರಗೊರ ಎಂದು ಶುರುವಾಗಿ, ಕೆಮ್ಮಾಗಿ, ಗುಡುಗಾಯಿತು. ನೋಡಿದರೆ ಚಿತ್ತಯ್ಯನವರು! ಕಾರಿನ ಸೀಟಿನಲ್ಲಿ ಹೊರಳಾಡಿ ನಗುತ್ತಿದ್ದಾರೆ!

"ಬೀಗ್ರೇ... ಬಿಳೀ ಟ್ಯಾಂಕು..." ಎಂದವರು ಮುಂದೆ ಹೇಳಲಾಗದೆ ಮತ್ತೆ ನಕ್ಕರು. ಮದುವೆಯಾದ ಮೇಲೆ ಅವರು ನನಗಾಡಿದ ಮೊದಲ ಮಾತು!

ದಿವ್ಯಾ ಫೋನ್ ಕಸಿದುಕೊಂಡಳು. ನಕ್ಕೂ ನಕ್ಕೂ ಅವಳ ಕಣ್ಣಲ್ಲೂ ನೀರು.

"ಅಪ್ಪಾ, ಮಾವನ ಸಿಟ್ಟು ಇಳೀತು! ಆದ್ರೆ ಅತ್ತೆ ಇನ್ನೂ ಮುನಿಸ್ಕಂಡೇ ಅದಾರೆ. ಬೇಗ ಇನ್ನೊಂದು ಟ್ಯಾಂಕ್ ತಂದು ಕೂರ್ಸು. ನೀರು ಮಾತ್ರ ತುಂಬಿಸ್ಬ್ಯಾಡ!"